ನಲವತ್ತೊಂದನೇ ಕಿಲೋಮೀಟರಿನ ಕಲ್ಲುಗಳು

ಫೆಬ್ರವರಿ ೧೨, ಮಂಗಳವಾರ

ರಸ್ತೆ ಕಚೇರಿಗೆ ಬರೆಯಬೇಕಾದ ಅರವತ್ತನಾಲ್ಕನೆಯ ಪತ್ರದ ಕರಡಿಗೆಂದು ಈ ನೋಟ್‌ಬುಕ್ ತೆರೆದೆ. ‘ಮಾನ್ಯರೇ’ ಎಂದು ಬರೆದು ಅರ್ಧ ಗಂಟೆಯಾಯಿತು, ಮುಂದಿನ ಸಾಲು ಬರುತ್ತಿಲ್ಲ. ಹಿಂದಿನ ಅರವತ್ತಮೂರರಲ್ಲಿ ಹೇಳದೆ ಬಿಟ್ಟದ್ದು ಏನೂ ಉಳಿದಿಲ್ಲ. ಆ ಹಾಳೆಯನ್ನು ಹಾಗೇ ಮಡಚಿಟ್ಟು, ಇವತ್ತು ನಡೆದದ್ದನ್ನು ಬರೆಯುತ್ತೇನೆ. ಇದನ್ನು ಯಾರೂ ಓದಬೇಕಿಲ್ಲ. ಆ ಪತ್ರಗಳನ್ನು ಮಾತ್ರ ಯಾರು ಓದಿದ್ದರು?

ಅಕ್ಕ ಎರ್ಸಿಲಿಯಾಗೆ ಡಯಾಲಿಸಿಸ್ ಶುರುವಾಗಿ ಇದು ಮೂರನೆಯ ವಾರ. ಮಂಗಳ, ಗುರು, ಶನಿ. ರಾಜಧಾನಿಯ ಕೇಂದ್ರದಲ್ಲಿ ಹನ್ನೊಂದು ಗಂಟೆಗೆ ಅವಳಿಗೊಂದು ಕುರ್ಚಿ. ಹನ್ನೊಂದೂವರೆಯೊಳಗೆ ಮುಟ್ಟದಿದ್ದರೆ ಬಾಗಿಲಲ್ಲಿ ಕಾದು ಕುಳಿತ ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾರೆ. ಕಳೆದ ವಾರ ಒಮ್ಮೆ ಹಾಗಾಯಿತು. ಎರಡು ದಿನಕ್ಕೆ ಅವಳ ಕಾಲು, ಮುಖ ಎಲ್ಲ ನೀರು ತುಂಬಿಕೊಂಡು, ಮಲಗಲಾಗದೆ ಕುಳಿತೇ ಉಸಿರಿಗೆ ಒದ್ದಾಡಿದಳು. ಇನ್ನೊಮ್ಮೆ ಹಾಗಾಗಬಾರದು.

ನಮ್ಮ ಸಾನ್ ಬ್ರೌಲಿಯೊದಿಂದ ರಾಜಧಾನಿಗೆ ಎಪ್ಪತ್ತೊಂಬತ್ತು ಕಿಲೋಮೀಟರು, ನಡುವೆ ಘಟ್ಟ. ಕಾರಿಗೆ ಇಪ್ಪತ್ತೆಂಟು ವರ್ಷ. ಓಡಿಸುವ ನನಗೆ ಅರವತ್ತೊಂದು. ಇವತ್ತು, ರಾಜಧಾನಿಯಿಂದ ಎಣಿಸಿದರೆ ನಲವತ್ತಾರನೇ ಕಿಲೋಮೀಟರಿನಲ್ಲಿ, ರೇಡಿಯೇಟರ್ ಕುದಿಯಿತು. ಬಾನೆಟ್ ಎತ್ತಿದ ಕೂಡಲೇ ಪಿಕಪ್ಪಿನವನೊಬ್ಬ ನಿಲ್ಲಿಸಿ, ಕೈಗೆ ಬಟ್ಟೆ ಸುತ್ತಿಕೊಂಡು ಮುಚ್ಚಳ ತಿರುಗಿಸಲು ಬಂದ.

“ಕೈ ತೆಗಿ!” ಎಂದೆ. ಟೀಚರ್ ಕೆಲಸ ಬಿಟ್ಟು ಆರು ವರ್ಷವಾದರೂ ಗಂಟಲು ಇನ್ನೂ ಇದೆ.

“ಅಮ್ಮಾ, ಇಪ್ಪತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ ನಾನು.”

“ಇಪ್ಪತ್ತು ವರ್ಷ ಮುಖ ಸುಟ್ಕೊಂಡಿಲ್ಲ ಅಂದ್ರೆ ಅದು ನಿನ್ನ ಪುಣ್ಯ. ಅದು ಆರೋವರೆಗೂ ಮುಟ್ಟಬೇಡ.”

ಅವನು ನಗುತ್ತಾ ಹೊರಟುಹೋದ. ನಾವು ಇಪ್ಪತ್ತೈದು ನಿಮಿಷ ಕಾದೆವು. ಹನ್ನೊಂದು ಇಪ್ಪತ್ತಾರಕ್ಕೆ ಮುಟ್ಟಿದೆವು.

ಫೆಬ್ರವರಿ ೧೪, ಗುರುವಾರ

ತಪಾಸಣೆ. ಪೊಲೀಸಿನವನು ಕೇಳಿದ್ದು ಎರಡೇ: ಬೆಂಕಿ ಆರಿಸುವ ಸಿಲಿಂಡರು, ಗಾಡಿ ಕೆಟ್ಟಾಗ ರಸ್ತೆಯ ಮೇಲಿಡುವ ಎಚ್ಚರಿಕೆಯ ತ್ರಿಕೋನ. ತೋರಿಸಿದೆ. ಈ ದೇಶದಲ್ಲಿ ಎಲ್ಲರ ಬಳಿಯೂ ತ್ರಿಕೋನವಿದೆ, ಎಲ್ಲರದೂ ಪ್ಲಾಸ್ಟಿಕ್ ಹೊದಿಕೆಯೊಳಗೇ ಇದೆ. ಅದು ಪೊಲೀಸರಿಗೆ ತೋರಿಸಲು ಇರುವ ವಸ್ತು. ರಸ್ತೆಯ ಮೇಲಿಟ್ಟರೆ ಮುಂದಿನ ಗಾಡಿಯವನು ಎತ್ತಿಕೊಂಡು ಹೋಗುತ್ತಾನೆ. ಹಾಗಾಗಿ ಗಾಡಿ ಕೆಟ್ಟರೆ ಜನ ಪೈನ್ ಕೊಂಬೆ ಮುರಿದು ರಸ್ತೆಗೆ ಹಾಸುತ್ತಾರೆ, ಚಕ್ರದ ಹಿಂದೆ ದಪ್ಪ ಕಲ್ಲಿಡುತ್ತಾರೆ. ಗಾಡಿ ಸರಿಯಾದ ಮೇಲೆ ಕೊಂಬೆಯನ್ನೂ ಕಲ್ಲನ್ನೂ ಅಲ್ಲೇ ಬಿಟ್ಟು ಹೊರಡುತ್ತಾರೆ.

ಹೀಗೆ ಯಾರೋ ಬಿಟ್ಟುಹೋದ ಒಂದು ಕಲ್ಲಿಗೆ ಮೋಟಾರ್‌ಸೈಕಲ್ ಹತ್ತಿಸಿ ನನ್ನ ಭಾವ ಎವೆಲಿಯೊ ಸತ್ತ. ಹನ್ನೆರಡು ವರ್ಷವಾಯಿತು. ನಲವತ್ತೊಂದನೇ ಕಿಲೋಮೀಟರು.

ನನ್ನ ತ್ರಿಕೋನವೂ ಹೊದಿಕೆಯೊಳಗೇ ಇದೆ ಎಂಬುದನ್ನು ಇಲ್ಲಿ ಬರೆಯಬೇಕು. ಬರೆದಿದ್ದೇನೆ.

ಫೆಬ್ರವರಿ ೨೩, ಶನಿವಾರ

ಪಂಕ್ಚರ್. ಸ್ಟೆಪ್ನಿ ಹಾಕಿದೆ. ಸೊಂಟ.

ಮಾರ್ಚ್ ೭, ಗುರುವಾರ

ನಲವತ್ತೊಂದನೇ ಕಿಲೋಮೀಟರು ಘಟ್ಟದ ಅತ್ಯಂತ ಕಡಿದಾದ ಏರು. ಎಂಜಿನ್‌ಗಳು ಸೋಲುವುದು ಅಲ್ಲೇ. ತೊಂಬತ್ತೆಂಟರ ಚಂಡಮಾರುತ ಅಲ್ಲಿನ ರಸ್ತೆಯ ಅಂಚನ್ನು ಕಣಿವೆಗೆ ಒಯ್ದಿತು. ತಾತ್ಕಾಲಿಕ ಎಂದು ಎರಡು ಡ್ರಮ್ಮು ನಿಲ್ಲಿಸಿದರು. ಆ ವರ್ಷ ಹುಟ್ಟಿದ ಮಕ್ಕಳಿಗೆ ನಾನು ಅಕ್ಷರ ಕಲಿಸಿದೆ, ಅವರಿಗೀಗ ಮಕ್ಕಳಿವೆ. ಡ್ರಮ್ಮು ಇನ್ನೂ ತಾತ್ಕಾಲಿಕ. ಮಂತ್ರಿಯೊಬ್ಬ ಆ ಡ್ರಮ್ಮಿನ ಪಕ್ಕ ನಿಂತು ತೆಗೆಸಿಕೊಂಡ ಫೋಟೋದ ಪತ್ರಿಕೆಯ ತುಂಡು ನನ್ನ ಬಳಿ ಇದೆ. ಇಸವಿ ಸಮೇತ.

ಏರಿನ ತಲೆಯಲ್ಲಿ ನೊಲ್ವಿಯಾಳ ಅಂಗಡಿ. ಅಂಗಡಿಯೆಂದರೆ ನಾಲ್ಕು ಕಂಬ, ತಗಡು, ಒಲೆ, ಬೇಯಿಸಿದ ಜೋಳ, ಕಾಫಿ. ಅಕ್ಕನನ್ನು ಹಿಂದಕ್ಕೆ ಕರೆತರುವಾಗ ಎಂಜಿನ್ ಆರಲೆಂದು ಅಲ್ಲಿ ನಿಲ್ಲುತ್ತೇನೆ. ಅಕ್ಕ ಇಳಿಯುವುದಿಲ್ಲ. ಭಾವ ಸತ್ತ ಜಾಗದಲ್ಲಿ ನೆಟ್ಟ ಶಿಲುಬೆ ಅಲ್ಲಿಂದ ಮೂವತ್ತು ಹೆಜ್ಜೆ ಕೆಳಗಿದೆ. ಅವಳು ಆ ಕಡೆ ಮುಖವನ್ನೇ ತಿರುಗಿಸುವುದಿಲ್ಲ.

ಇವತ್ತು ಅಂಗಡಿಯ ಎದುರೇ ರಸ್ತೆಯ ಮೇಲೆ ಎರಡು ಕಲ್ಲು ಬಿದ್ದಿದ್ದವು. ತಲೆ ಕೆಟ್ಟುಹೋಯಿತು.

“ಬೆಳಗ್ಗಿಂದ ಸಂಜೆವರೆಗೂ ಇಲ್ಲೇ ಕೂತಿರ್ತೀಯಲ್ಲ ನೊಲ್ವಿಯಾ, ಕಣ್ಣಿಗೆ ಕಾಣಲ್ವಾ ಇದು? ನಿನ್ನ ಕಣ್ಮುಂದೆನೇ ಒಬ್ಬ ಸತ್ತಿದಾನೆ!”

“ಟೀಚರಮ್ಮ, ಮೊದ್ಲು ಕಾಫಿ ಕುಡೀರಿ. ಕೋಪ ಮಾಡ್ಕೊಂಡು ಗೇರು ಹಾಕಿದ್ರೆ ಗೇರ್‌ಬಾಕ್ಸು ಹಾಳಾಗತ್ತೆ.”

“ನಾನು ಅರವತ್ಮೂರು ಕಾಗದ ಬರ್ದಿದೀನಿ.”

“ಅಬ್ಬಾ,” ಎಂದಳು ಒಲೆ ಊದುತ್ತಾ. “ನಂಗೆ ಹೆಸರು ಬರೆಯೋದೇ ಕಷ್ಟ.”

ಅಂಗಡಿಯ ಮುಂದಿನ ಕಲ್ಲುಕಟ್ಟೆಯ ಮೇಲೆ ಕುಳಿತು ಕುಡಿದೆ. ಒಳ್ಳೆಯ ಕಾಫಿ. ನಾನು ಬಂದಾಗಲೆಲ್ಲ ಆ ಕಟ್ಟೆ ಒಂದು ಗೇಣು ಉದ್ದವಾದಂತೆ ಕಾಣುತ್ತದೆ. ವ್ಯಾಪಾರ ಚೆನ್ನಾಗಿ ನಡೆಯುತ್ತಿರಬೇಕು.

ಕಾರಿನಲ್ಲಿ ಅಕ್ಕ ಕೇಳಿದಳು: “ಮತ್ತೆ ಬೈದ್ಯಾ?”

“ಬೈಯ್ದೆ ಇನ್ನೇನು ಮಾಡ್ಲಿ?”

“ತಿಲಾ, ಸತ್ತಿದ್ದು ನನ್ನ ಗಂಡ. ಕೋಪ ಎಲ್ಲಾ ನೀನೇ ಇಟ್ಕೊಂಡಿದೀಯ. ನಂಗೆ ಸ್ವಲ್ಪನೂ ಬಿಟ್ಟಿಲ್ಲ.”

ಗೇರ್‌ಬಾಕ್ಸು ಹಾಳಾಗದ ಹಾಗೆ ಮೆಲ್ಲಗೆ ಗೇರು ಹಾಕಿ ಹೊರಟೆ.

ಮಾರ್ಚ್ ೨೧, ಗುರುವಾರ

ಕಾಡಿಗೆ ಬೆಂಕಿ ಬಿದ್ದು ಘಟ್ಟದಲ್ಲೆಲ್ಲ ಹೊಗೆ. ಹಗಲಲ್ಲೇ ದೀಪ ಹಾಕಿಕೊಂಡು ಹೋದೆವು. ಅಕ್ಕನ ತೂಕ ಎರಡೂವರೆ ಕಿಲೋ ಹೆಚ್ಚು, ಎಲ್ಲ ನೀರು. ನರ್ಸ್ ಬೈದಳು. ಬಾಯಾರಿದವಳು ಕುಡಿಯುತ್ತಾಳೆ, ಅದಕ್ಕೂ ನನಗೇ ಬೈಗುಳ.

ಏಪ್ರಿಲ್ ೨, ಮಂಗಳವಾರ

ಹೋದೆವು. ಬಂದೆವು.

ಏಪ್ರಿಲ್ ೧೬, ಮಂಗಳವಾರ, ಸಂಜೆ

ಬರೆಯಬೇಕು. ಕೈ ತೊಳೆದು ಕುಳಿತಿದ್ದೇನೆ.

ಪವಿತ್ರ ವಾರ, ಈಸ್ಟರ್‌ಗೆ ಮುಂಚಿನ ರಜೆ. ದೇಶಕ್ಕೆ ದೇಶವೇ ಸಮುದ್ರದ ಕಡೆ ಹೊರಟಿತ್ತು. ತಲೆಯ ಮೇಲೆ ಹಾಸಿಗೆ, ಐಸ್ ಪೆಟ್ಟಿಗೆ, ಅಜ್ಜಿಯರನ್ನು ಹೊತ್ತ ಪಿಕಪ್ಪುಗಳು. ಸರಿಯಾಗಿ ನಲವತ್ತೊಂದನೇ ಕಿಲೋಮೀಟರಿನ ಏರಿನಲ್ಲಿ, ಶಿಲುಬೆಗಿಂತ ತುಸು ಮೇಲೆ, ಫ್ಯಾನ್ ಬೆಲ್ಟ್ ಹರಿಯಿತು. ಎಂಜಿನ್ ಶಾಖದ ಸೂಜಿ ಕೆಂಪಿಗೇರಿತು. ನಿಲ್ಲಿಸಿದೆ. ಪಕ್ಕಕ್ಕೆ ತೆಗೆಯೋಣವೆಂದರೆ ಅಲ್ಲಿ ಪಕ್ಕವೇ ಇಲ್ಲ.

ಹ್ಯಾಂಡ್ ಬ್ರೇಕ್ ಹಿಡಿಯಲಿಲ್ಲ. ಕಾಲನ್ನು ಬ್ರೇಕಿನ ಮೇಲೇ ಒತ್ತಿಕೊಂಡು ಹಾರ್ನ್ ಹೊಡೆದೆ. ಹಿಂದಿನ ಪಿಕಪ್ಪಿನಿಂದ ಇಬ್ಬರು ಇಳಿದು ಕಲ್ಲು ತಂದು ಚಕ್ರಗಳ ಹಿಂದಿಟ್ಟರು. ಎರಡು ಅವರು ಇಟ್ಟದ್ದು. ಇನ್ನೆರಡು ಸಾಲದೆಂದು ನಾನೇ ಉರುಳಿಸಿ ತಂದದ್ದು. ಒಟ್ಟು ನಾಲ್ಕು. ಅಕ್ಕನನ್ನು ಇಳಿಸಿ, ಕಣಿವೆಯ ಕಡೆಗಲ್ಲ, ಗುಡ್ಡದ ಕಡೆಗೆ ದಾಟಿಸಿ, ಪೈನ್ ಮರದ ಬುಡದಲ್ಲಿ ಕೂರಿಸಿದೆ. ಕೆಳಗಿನ ತಿರುವಿನಾಚೆ ಹೋಗಿ, ಏರಿ ಬರುವವರಿಗೆ ಮೊದಲೇ ಕಾಣುವ ಹಾಗೆ ಕೊಂಬೆ ಹಾಸಿ ಬಂದೆ. ಡಿಕ್ಕಿಯಲ್ಲಿ ತ್ರಿಕೋನವಿತ್ತು. ಕೊಂಬೆಯನ್ನು ಹಾಸುವಾಗ ಅದು ನೆನಪೇ ಆಗಲಿಲ್ಲ.

ಗಂಟೆ ಒಂಬತ್ತು ಮುಕ್ಕಾಲು. ಅಕ್ಕನಿಗೆ ಮೇಲುಸಿರು.

ಸೌದೆ ತುಂಬಿದ ಲಾರಿಯೊಂದು ನಮ್ಮನ್ನು ದಾಟಿ ಮುಂದೆ ನಿಂತಿತು. ಇಳಿದವನು ಓಲ್ವಿನ್. ಮೂರನೇ ತರಗತಿಯಲ್ಲಿ ನನ್ನ ಬಳಿ ಎರಡು ವರ್ಷ ಕುಳಿತವನು. ಬಾನೆಟ್ಟಿನೊಳಗೆ ತಲೆ ಹಾಕಿ ನೋಡಿದ.

“ನನ್ಹತ್ರ ಇರೋ ಬೆಲ್ಟು ಇದಕ್ಕೆ ಕೂರಲ್ಲ ಟೀಚರ್. ಘಟ್ಟದ ತಲೇಲಿ ಗ್ಯಾರೇಜಿದೆ, ಮೂರು ಕಿಲೋಮೀಟರು. ಅಲ್ಲಿವರೆಗೆ ಹೋಗ್ಬೋದು, ಆದ್ರೆ…” ನನ್ನ ಕಾಲು ನೋಡಿದ.

“ಏನು?”

“ನಿಮ್ಮ ನೈಲಾನ್ ಕಾಲುಚೀಲ ಬೇಕಾಗತ್ತೆ.”

ಗುಡ್ಡದ ಬದಿಯಿಂದ ಅಕ್ಕ ನಕ್ಕಳು. ವಾರದಿಂದ ಅವಳು ನಕ್ಕಿರಲಿಲ್ಲ. ಕಾರಿನ ಮರೆಯಲ್ಲಿ ಬಿಚ್ಚಿಕೊಟ್ಟೆ. ಅವನು ಅದನ್ನು ಹುರಿ ಮಾಡಿ, ಪುಲ್ಲಿಗಳಿಗೆ ಸುತ್ತಿ, ಗಂಟು ಹಾಕಿ ಎಳೆದ.

“ಕ್ಲಾಸಲ್ಲಿ ಡೆಸ್ಕ್ ಕೆಳಗಿಂದ ಈ ಕಾಲುಚೀಲ ಹತ್ರ ಬರೋದು ಕಂಡ್ರೆ ನಡುಗ್ತಿದ್ವಿ ಟೀಚರ್. ಇವತ್ತು ನನ್ನ ಕೈಗೆ ಸಿಕ್ತು.”

“ಬಾಯಿ ಮುಚ್ಚಿ ಗಂಟು ಬಿಗಿ.”

ಎಂಜಿನ್ ಹತ್ತಿತು. ಅವನೇ ಅಕ್ಕನನ್ನು ಹೆಚ್ಚುಕಡಿಮೆ ಎತ್ತಿಕೊಂಡು ಬಂದು ಕೂರಿಸಿದ. “ಹೋಗಿ, ನಿಲ್ಲಿಸ್ಬೇಡಿ! ನಿಲ್ಲಿಸಿದ್ರೆ ಈ ಗಂಟು ಬಿಚ್ಕೊಳತ್ತೆ! ಮೆಲ್ಲಗೆ, ಒಂದನೇ ಗೇರಲ್ಲಿ!” ಹೋದೆ. ಗ್ಯಾರೇಜಿನಲ್ಲಿ ಹೊಸ ಬೆಲ್ಟು ಬಿತ್ತು. ಹನ್ನೊಂದು ಇಪ್ಪತ್ತೆಂಟಕ್ಕೆ ಅಕ್ಕ ತನ್ನ ಕುರ್ಚಿಯಲ್ಲಿದ್ದಳು. ನರ್ಸ್ ಗಡಿಯಾರ ನೋಡಿ ತಲೆಯಾಡಿಸಿದಳು, ಸೂಜಿ ಚುಚ್ಚಿದಳು. ಯಂತ್ರ ಶುರುವಾಯಿತು. ನಾನು ಪಕ್ಕದಲ್ಲಿ ಕುಳಿತು ಉಗುರಿನಲ್ಲಿ ಸೇರಿದ್ದ ಕೆಂಪು ಮಣ್ಣು ತೆಗೆಯತೊಡಗಿದೆ. ಎರಡನೇ ಬೆರಳಿಗೆ ಬಂದಾಗ ಆ ಮಣ್ಣು ಎಲ್ಲಿಯದೆಂದು ನೆನಪಾಯಿತು.

“ಅಕ್ಕ. ಕಲ್ಲು.”

ಅವಳು ಕಣ್ಣು ಮುಚ್ಚಿದ್ದಳು. “ಗೊತ್ತು.”

“ಗೊತ್ತಾ?”

“ಪಕ್ಕದ ಕನ್ನಡೀಲಿ ಕಾಣ್ತಿತ್ತು. ನಾಲ್ಕೂ.”

“ಮತ್ಯಾಕೆ ಹೇಳ್ಲಿಲ್ಲ!”

“ಹೇಳಿದ್ರೆ ನೀನು ನಿಲ್ಲಿಸ್ತಿದ್ದೆ. ನಿಲ್ಲಿಸಿದ್ರೆ ಈ ಕುರ್ಚಿ ಹೋಗ್ತಿತ್ತು.” ಕಣ್ಣು ತೆರೆದು, “ಅವರೂ ಏನೋ ಅವಸರದಲ್ಲೇ ಇದ್ರು ಅನ್ಸತ್ತೆ,” ಎಂದಳು. “ಎವೆಲಿಯೊ ಕಲ್ಲಿನವರು.”

ನಾನು ಕಾರಿನ ಬೀಗದ ಕೈ ಹುಡುಕಿದೆ.

“ಹೋಗು ತಿಲಾ. ನಾಲ್ಕು ಗಂಟೆ ನಾನೆಲ್ಲಿಗೂ ಓಡಿಹೋಗಲ್ಲ.”

ಸಮುದ್ರಕ್ಕೆ ಹೊರಟವರ ಸಾಲಿನಲ್ಲಿ ನಲವತ್ತೊಂದು ಕಿಲೋಮೀಟರಿಗೆ ಒಂದೂಕಾಲು ಗಂಟೆ ಹಿಡಿಯಿತು. ಪ್ರತಿ ತಿರುವಿನಲ್ಲೂ ಅಲ್ಲಿ ಏನು ಕಾಣಬಹುದೆಂದು ಎಣಿಸಿಕೊಳ್ಳುತ್ತಾ ಹೋದೆ. ಹನ್ನೆರಡು ವರ್ಷ ನಾನು ಆ ಕಲ್ಲು ಬಿಟ್ಟವನ ಮುಖವನ್ನು ಊಹಿಸಿಕೊಂಡಿದ್ದೆ. ಗಡ್ಡ, ಕುಡಿದ ಕಣ್ಣು, ಯಾವುದಕ್ಕೂ ಲಕ್ಷ್ಯವಿಲ್ಲದ ನಗು. ಹಿಂದೆ ಬರುವವರನ್ನು ನೋಡಲೆಂದು ಕನ್ನಡಿಗೆ ಕಣ್ಣು ಹಾಕಿದರೆ ಅಲ್ಲಿ ನನ್ನ ಮುಖವೇ ಇತ್ತು.

ಅಂಗಡಿಯ ಹತ್ತಿರ ನಿಲ್ಲಿಸಿ ಇಳಿಜಾರಿಗೆ ಓಡಿದೆ. ಕಲ್ಲುಗಳಿರಲಿಲ್ಲ. ಒಂದೂ ಇರಲಿಲ್ಲ. ರಸ್ತೆಯ ತುಂಬ ಸಿಹಿ ಬನ್ನುಗಳು ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾಗಿದ್ದವು. ಮುರಿದ ಬುಟ್ಟಿ. ಗಾಜಿನ ಚೂರು. ಡ್ರಮ್ಮು ಹಿಡಿದುಕೊಂಡು ಕಣಿವೆಗೆ ಬಗ್ಗಿ ನೋಡಿದೆ. ಏನೂ ಕಾಣಲಿಲ್ಲ. ಇನ್ನೂ ಬಗ್ಗಿದೆ.

“ಟೀಚರಮ್ಮ! ನೀವೂ ಬೀಳ್ಬೇಕಾ? ಈ ಕಡೆ ಬನ್ನಿ!” ಮೇಲಿನಿಂದ ನೊಲ್ವಿಯಾ.

ಹತ್ತಿ ಹೋದೆ. ಅವಳು ಕಟ್ಟೆಯ ಮೇಲೆ ಕೂರಿಸಿ ಕಾಫಿ ಕೊಟ್ಟಳು.

“ಬ್ರೆಡ್ ಮಾರೋ ಹುಡುಗ, ಸೆಲ್ವಿನ್ ಅಂತ. ಬೈಕು ಹತ್ತಿಸ್ಬಿಟ್ಟ. ಕೈ ಮುರ್ದಿರ್ಬೇಕು, ಮಂಡಿ ಎಲ್ಲಾ ತರಚಿಹೋಗಿದೆ. ಜೀವಕ್ಕೇನಿಲ್ಲ, ಹೆದರ್ಬೇಡಿ. ಪಿಕಪ್ಪಲ್ಲಿ ನಿಮ್ಮೂರ ಆಸ್ಪತ್ರೆಗೆ ಕಳ್ಸಿದೆ. ನೀರು ತರೋಕೆ ಹೋಗಿ ಬರೋಷ್ಟ್ರಲ್ಲಿ ಯಾವ ಕತ್ತೆ ಮುಂಡೇದು ಕಲ್ಲು ಬಿಟ್ಟುಹೋಯ್ತೋ! ಒಲೆ ಮೇಲೆ ಹಾಲಿತ್ತು, ಇಳಿಸಿ ಹೋಗೋಣ ಅಂತ ಐದು ನಿಮಿಷ ತಡ ಮಾಡ್ದೆ. ಇಲ್ದಿದ್ರೆ ದಿನಾ ಎತ್ತೋ ಹಾಗೆ ಎತ್ತಿಬಿಡ್ತಿದ್ದೆ.”

“ದಿನಾ?”

“ಮತ್ತೆ? ನೀವು ಕೂತಿರೋದು ಯಾತರ ಮೇಲೆ ಅಂದ್ಕೊಂಡ್ರಿ?”

ನಾನು ಕೆಳಗೆ ನೋಡಿದೆ. ಕಟ್ಟೆ. ಅಂಗಡಿಯ ಈ ತುದಿಯಿಂದ ಆ ತುದಿಗೆ, ಮೊಣಕಾಲೆತ್ತರ, ಎರಡು ಸಾಲು ದಪ್ಪ. ಒಂದೊಂದು ಕಲ್ಲಿಗೂ ಟೈರಿನ ಕರಿ, ಎಣ್ಣೆಯ ಕಲೆ. ಆಚೆ ತುದಿಯಲ್ಲಿ ಮೂರು ಕಲ್ಲು ಹೊಸದಾಗಿ ಕೂತಿದ್ದವು, ಇನ್ನೂ ಕೆಂಪು ಮಣ್ಣಿತ್ತು.

ಹನ್ನೆರಡು ವರ್ಷ ನಾನು ಇದರ ಮೇಲೆ ಕುಳಿತು ಅವಳನ್ನು ಬೈದಿದ್ದೇನೆ.

“ನೊಲ್ವಿಯಾ, ಆ ಕತ್ತೆ ನಾನೇ,” ಎಂದೆ.

ಅವಳು ಸೌಟು ಕೆಳಗಿಟ್ಟಳು.

“ಎರ್ಸಿಲಿಯಮ್ಮಂಗೆ ಕುರ್ಚಿ ಸಿಕ್ತಾ?”

“ಸಿಕ್ತು.”

“ಹಾಗಾದ್ರೆ ಎದ್ದೇಳಿ. ನಾಲ್ಕನೇದು ಮೋರಿ ಹತ್ರ ಬಿದ್ದಿದೆ. ಅದೇ ದೊಡ್ಡದು. ನಂಗೆ ಸೊಂಟ ನೋವು.”

ಹೋಗಿ ಎತ್ತಿಕೊಂಡು ಬಂದೆ. ಮೂರು ಕಡೆ ಇಳಿಸಿ ಸುಧಾರಿಸಿಕೊಂಡೆ. ಎಲ್ಲಿ ಇಡಬೇಕೆಂದು ಅವಳು ತೋರಿಸಿದಳು, ಅಲ್ಲಿಟ್ಟೆ.

ಏಪ್ರಿಲ್ ೧೮, ಗುರುವಾರ

ಅಕ್ಕನನ್ನು ಕರೆತಂದು ಮಲಗಿಸಿದ ಮೇಲೆ ಸೆಲ್ವಿನ್ ಮನೆಗೆ ಹೋದೆ. ಮಣಿಕಟ್ಟು ಮುರಿದಿದೆ. ಹುಡುಗನೆಂದು ನೊಲ್ವಿಯಾ ಹೇಳಿದ್ದು, ಮೂವತ್ತೈದರ ಗಂಡಸು. ಆ ಕಲ್ಲು ಬಿಟ್ಟವಳು ನಾನೇ ಎಂದು ಹೇಳಿದೆ. ಕಾರಣ ಹೇಳಹೊರಟು, ಕಾರಣ ಬೇಡವೆಂದು ನಿಲ್ಲಿಸಿದೆ.

“ಮಂಗಳವಾರ ಮಧ್ಯಾಹ್ನ ನಿಮ್ಮ ಕಿವಿ ಬಿಸಿಯಾಗಿರ್ಬೇಕಲ್ಲ ಟೀಚರ್?” ಎಂದ. “ಬೈಗುಳದಲ್ಲಿ ಒಂದನ್ನೂ ಬಾಕಿ ಇಟ್ಟಿಲ್ಲ ನಾನು.”

ಅವನ ಹೆಂಡತಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡಲಿಲ್ಲ. ನಾನು ಕೊಟ್ಟ ಚೀಲ ಮುಟ್ಟಲಿಲ್ಲ. ಅವಳ ಕೋಪ ನನಗೆ ಚೆನ್ನಾಗಿ ಗೊತ್ತು. ಎಷ್ಟು ವರ್ಷ ಇಟ್ಟುಕೊಳ್ಳಬಹುದು ಅದನ್ನು ಎಂಬುದೂ ಗೊತ್ತು.

ಏಪ್ರಿಲ್ ೨೪, ಬುಧವಾರ

ಬಡಗಿಯ ಹತ್ತಿರ ಹೋಗಿ, ಚಕ್ರದ ಹಿಂದಿಡಲು ಎರಡು ಮರದ ಬೆಣೆ ಮಾಡಿಸಿದೆ. ಒಂದು ಕಡೆ ಇಳಿಜಾರು, ಹಿಂಬದಿಗೆ ಕಬ್ಬಿಣದ ಬಳೆ. ಬಳೆಗೆ ಹಗ್ಗ, ಹಗ್ಗದ ತುದಿ ಕಾರಿನ ಹಿಂದಿನ ಬಂಪರಿಗೆ. ಮರೆತು ಹೊರಟರೂ ಬೆಣೆ ಕಾರಿನ ಹಿಂದೆಯೇ ಬರುತ್ತದೆ. ನನ್ನ ನೆನಪನ್ನು ನಾನಿನ್ನು ನಂಬುವುದಿಲ್ಲ, ಹಗ್ಗವನ್ನು ನಂಬುತ್ತೇನೆ. ಅಳತೆ ಬರೆದುಕೊಡಲು ಕಾಗದ ಬೇಕಾಯಿತು. ‘ಮಾನ್ಯರೇ’ ಎಂದು ಬರೆದಿಟ್ಟ ಹಾಳೆ ಚೀಲದಲ್ಲಿತ್ತು, ಅದರ ಮೇಲೇ ಚಿತ್ರ ಬರೆದುಕೊಟ್ಟೆ. ಬಡಗಿ ಅದನ್ನು ಮೊಳೆ ಹೊಡೆದು ಗೋಡೆಗೆ ಸಿಕ್ಕಿಸಿದ್ದಾನೆ.

ಏಪ್ರಿಲ್ ೨೭, ಶನಿವಾರ

ನಿಜಕ್ಕೂ ಮರೆತೆ. ಗ್ಯಾರೇಜಿನ ಎದುರು ನಿಲ್ಲಿಸಿದ್ದವಳು ಬೆಣೆ ತೆಗೆಯದೆ ಹೊರಟು, ನೂರು ಹೆಜ್ಜೆ ದಡಬಡ ಸದ್ದು. ಎದುರಿಗೆ ಬಂದ ಓಲ್ವಿನ್ ಲಾರಿ ನಿಧಾನಿಸಿ ಕಿರುಚಿದ: “ಟೀಚರ್, ನಾಯಿಗಳನ್ನ ವಾಕಿಂಗಿಗೆ ಕರ್ಕೊಂಡು ಹೊರಟ್ರಾ?”

“ನಿಂಗೂ ಒಂದು ಜೊತೆ ಮಾಡಿಸ್ಕೋ!”

“ಬಡಗಿ ಹತ್ರ ನಾಲ್ಕು ಜನ ಹೇಳಿಹೋಗಿದಾರಂತೆ, ನನ್ನ ಸರದಿ ಐದನೇದು!”

ತ್ರಿಕೋನದ ಪ್ಲಾಸ್ಟಿಕ್ ಕಿತ್ತು ಎಸೆದೆ.

ಮೇ ೨, ಗುರುವಾರ

ಹೋಗುವಾಗ ಎರಡು ಕಲ್ಲು, ಬರುವಾಗ ಒಂದು. ಮೂರನ್ನೂ ನೊಲ್ವಿಯಾಗೆ ಕೊಟ್ಟೆ. ಸೊಂಟ ಹೋಯಿತು. ತ್ರಿಕೋನವೂ ಹೋಯಿತು. ನಿನ್ನೆ ಟೈರಿಗೆ ಗಾಳಿ ಹಾಕುವಾಗ ಇಟ್ಟದ್ದನ್ನು ಯಾರೋ ಎತ್ತಿಕೊಂಡು ಹೋದರು. ಇನ್ನೊಂದು ಕೊಳ್ಳಬೇಕು.

ಮೇ ೭, ಮಂಗಳವಾರ

ಮೊದಲ ಮಳೆ ಬಂದು ಹೊಗೆ ತೊಳೆದಿದೆ. ಬೇಗ ಹೊರಟಿದ್ದೆವು. ನಲವತ್ತೊಂದರಲ್ಲಿ ಎಂಜಿನ್ ಆರಲೆಂದು ಅಂಗಡಿಯ ಪಕ್ಕ ಪೂರ್ತಿ ಒಳಗೆ ತೆಗೆದು ನಿಲ್ಲಿಸಿದೆ, ಚಕ್ರಕ್ಕೆ ಬೆಣೆ ಕೊಟ್ಟೆ. ಅಕ್ಕನ ಕಡೆಯ ಬಾಗಿಲು ತೆರೆದ ಸದ್ದಾಯಿತು.

“ನಾನು ಇಳೀತೀನಿ,” ಎಂದಳು.

ಕೈ ಕೊಟ್ಟೆ. ಹನ್ನೆರಡು ವರ್ಷದಲ್ಲಿ ಮೊದಲ ಬಾರಿ ಅವಳು ಅಲ್ಲಿ ನೆಲಕ್ಕೆ ಕಾಲಿಟ್ಟದ್ದು. ಕಟ್ಟೆಯವರೆಗೆ ನಡೆದು, ಕೂರದೆ, ಅದನ್ನು ಈ ತುದಿಯಿಂದ ಆ ತುದಿಗೆ ನೋಡಿದಳು.

“ನೊಲ್ವಿಯಾ, ಅದೂ ಇದರಲ್ಲಿದೆಯಾ?”

ಯಾವುದು ಎಂದು ನೊಲ್ವಿಯಾ ಕೇಳಲಿಲ್ಲ. ಕೈ ಒರೆಸಿಕೊಂಡು ಬಂದು, ಕಟ್ಟೆಯ ಈಚೆ ಮೂಲೆಯ ಬುಡದಲ್ಲಿ ಬಗ್ಗಿ ತೋರಿಸಿದಳು. “ಇದೇ ಅಮ್ಮಾ ಮೊದಲನೇದು. ಅವತ್ತೇ ತಂದಿಟ್ಟೆ. ಎಸೆಯೋಕೆ ಮನಸ್ಸಾಗಲಿಲ್ಲ, ಎಸೆದ್ರೆ ಯಾರಾದ್ರೂ ಮತ್ತೆ ತಗೋತಾರೆ ಅಂತ. ಆಮೇಲೆ ಪಕ್ಕದಲ್ಲಿ ಇನ್ನೊಂದು ಇಟ್ಟೆ.”

ನನ್ನ ಅರವತ್ತಮೂರು ಪತ್ರಗಳಲ್ಲಿ ಆ ಕಲ್ಲು ಬಂಡೆಯಾಗಿತ್ತು. ನಿಜಕ್ಕೂ ಅದು ಒಂದು ತೆಂಗಿನಕಾಯಿಯಷ್ಟಿತ್ತು.

ಅಕ್ಕ ಬಹಳ ಹೊತ್ತು ನೋಡಿದಳು.

“ಇಷ್ಟೇನಾ?” ಎಂದಳು.

“ಇಷ್ಟೇ,” ಎಂದಳು ನೊಲ್ವಿಯಾ.

ಅಕ್ಕ ಅದರ ಮೇಲಿನ ಜಾಗದಲ್ಲೇ ಕುಳಿತಳು. ಅರ್ಧ ಲೋಟ ಕಾಫಿ ಕೇಳಿದಳು. ಇವತ್ತಿಗೆ ಅವಳು ಕುಡಿಯಬಹುದಾದ ನೀರಿನಲ್ಲಿ ಅದೂ ಸೇರುತ್ತದೆ ಎಂದು ಗೊತ್ತಿದ್ದೂ ನಾನೇ ಲೋಟ ತಂದುಕೊಟ್ಟೆ. ಕುಡಿಯುವಾಗ ಅವಳ ಮುಖ ಕೆಳಗಿನ ಶಿಲುಬೆಯ ಕಡೆಗಿತ್ತು. ಯಾರಿಗೋ ಬೈಯುವ ಹಾಗೆ ತುಟಿ ಆಡಿಸುತ್ತಿದ್ದಳು. ನಾನು ಕೇಳಿಸಿಕೊಳ್ಳಲಿಲ್ಲ.

ಹತ್ತಕ್ಕೆ ಎಬ್ಬಿಸಿದೆ. ಕಾರಿಗೆ ಕೂರಿಸಿದೆ, ಹಗ್ಗ ಎಳೆದು ಎರಡೂ ಬೆಣೆ ಡಿಕ್ಕಿಗೆ ಹಾಕಿದೆ. ಹೊರಡುವ ಮುಂಚೆ ಕನ್ನಡಿಯಲ್ಲಿ ನೋಡಿದೆ. ನಂಬಿಕೆಯಾಗದೆ ಇಳಿದು ಹಿಂದೆ ಹೋಗಿ ಇನ್ನೊಮ್ಮೆ ನೋಡಿದೆ. ಒದ್ದೆ ರಸ್ತೆಯ ಮೇಲೆ ಏನೂ ಇರಲಿಲ್ಲ.